ಅರ್ಧ ನಾಯಿ, ಅರ್ಧ ಮನುಷ್ಯ

ಬೇಸಿಗೆ ರಜೆಯಲ್ಲಿ ಅಟ್ಟದ ಮೇಲಿನ ಪುಸ್ತಕಗಳನ್ನು ಇಳಿಸಿ ಬಿಸಿಲಿಗೆ ಹಾಕುವುದು ನಮ್ಮ ಮನೆಯಲ್ಲಿ ಹಪ್ಪಳ ಸಂಡಿಗೆಯ ಜೊತೆಗೇ ನಡೆಯುವ ಕೆಲಸ. ಒಂದು ಚಾಪೆಯ ಮೇಲೆ ಹಪ್ಪಳ, ಇನ್ನೊಂದು ಚಾಪೆಯ ಮೇಲೆ ಪುಸ್ತಕ. ಹಪ್ಪಳಕ್ಕೆ ಕಾಗೆ ಕಾಯಬೇಕು, ಪುಸ್ತಕಕ್ಕೆ ನನ್ನನ್ನೇ ಕಾಯಬೇಕು, ಏಕೆಂದರೆ ಒಂದನ್ನು ಕೈಗೆತ್ತಿಕೊಂಡರೆ ಅಲ್ಲಿಗೆ ಕೆಲಸ ನಿಂತಿತು. ಈ ಸಲ ಹಾಗೆ ಕೈಗೆ ಸಿಕ್ಕಿದ್ದು ಜಾರ್ಜ್ ಆರ್ವೆಲ್‌ನ 'ನೈನ್‌ಟೀನ್ ಎಯ್ಟಿಫೋರ್'. ಬಿ.ಎ. ಓದುವಾಗ ಕಾಲೇಜಿನ ಹೊರಗೆ ಹಳೆಯ ಪುಸ್ತಕದವನ ಹತ್ತಿರ ಕೊಂಡದ್ದು. ಬೆನ್ನು ಬಿಟ್ಟುಹೋಗಿ ದಾರದ ಮೇಲೆ ನಿಂತಿತ್ತು.

ಬೆಂಗಳೂರಿನಿಂದ ಬಂದಿದ್ದ ಮಗಳು ಅದನ್ನು ನೋಡಿ, "ಅಮ್ಮಾ, ಈ ಕಾದಂಬರಿ ಇಟ್ಕೊಂಡು ಒಬ್ಬ ರಾಕ್ ಹಾಡುಗಾರ ಆಲ್ಬಮ್ಮೇ ಮಾಡಿದಾನೆ, ಕೇಳ್ತೀಯಾ?" ಎಂದಳು. ನಾನು ದೇವರನಾಮ, ಭಾವಗೀತೆ, ಹೆಚ್ಚೆಂದರೆ ಹಳೆಯ ಹಿಂದಿ ಹಾಡು, ಇಷ್ಟರಲ್ಲೇ ಐವತ್ತು ದಾಟಿದವಳು. ರಾಕ್ ಎಂದರೆ ಕೂದಲು ಬಿಟ್ಟವರು ಗಿಟಾರನ್ನು ಹೊಡೆದು ಸಾಯಿಸುವುದು ಎಂಬ ಕಲ್ಪನೆ. ಆದರೂ ಆರ್ವೆಲ್ ಹೆಸರು ಕೇಳಿ ಕಿವಿಗೆ ಆ ಯಂತ್ರ ಸಿಕ್ಕಿಸಿಕೊಂಡೆ. ಅರ್ಧ ನಿಮಿಷದಲ್ಲಿ ತೆಗೆದುಬಿಟ್ಟೆ. ನಾಯಿ ಊಳಿಡುತ್ತಿತ್ತು! "ಇದೇನೇ ಅನಿಷ್ಟ" ಎಂದೆ. ಅವಳು ನಕ್ಕು, "ಅದೇ ಶುರು, ಮುಂದೆ ಕೇಳು" ಎಂದಳು. ಮುಂದೆ ಕೇಳಿದೆ. ಆ ರಜೆಯಲ್ಲಿ ಹತ್ತು ಹನ್ನೆರಡು ಸಲ ಕೇಳಿದ್ದೇನೆ. ಇಷ್ಟವಾಯಿತು ಎಂದು ಹೇಳಲು ಈಗಲೂ ನಾಲಿಗೆ ತಡೆಯುತ್ತದೆ. ಆದರೆ ಬಿಟ್ಟಿಲ್ಲ.

ಆಲ್ಬಮ್ಮಿನ ಹೆಸರು 'ಡೈಮಂಡ್ ಡಾಗ್ಸ್'. ಹಾಡುಗಾರ ಇಂಗ್ಲೆಂಡಿನ ಡೇವಿಡ್ ಬೋವಿ. ಹೊರಬಂದದ್ದು 1974ರ ಮೇ ತಿಂಗಳಲ್ಲಿ. 1947ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಹುಟ್ಟಿ 2016ರ ಜನವರಿಯಲ್ಲಿ, ಅರವತ್ತೊಂಬತ್ತು ತುಂಬಿದ ಎರಡೇ ದಿನಕ್ಕೆ ತೀರಿಕೊಂಡ ಈತ ತನ್ನ ಇಪ್ಪತ್ತೈದನೆಯ ವಯಸ್ಸಿಗೆ ಅಲ್ಲಿ ಮನೆಮಾತಾಗಿದ್ದ. ಆಗ ಇಂಗ್ಲೆಂಡಿನಲ್ಲಿ 'ಗ್ಲಾಮ್' ಎಂಬ ಒಂದು ಅಲೆ ಎದ್ದಿತ್ತು. 1971ರಲ್ಲಿ ಮಾರ್ಕ್ ಬೋಲನ್ ಎಂಬ ಹಾಡುಗಾರ ಕಣ್ಣಿನ ಕೆಳಗೆ ಮಿನುಗು ಹಚ್ಚಿಕೊಂಡು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡದ್ದೇ ಅದರ ಆರಂಭ ಎನ್ನುತ್ತಾರೆ. ಗಂಡಸರು ಎತ್ತರದ ಹಿಮ್ಮಡಿಯ ಬೂಟು, ಜರಿ ಬಟ್ಟೆ, ತುಟಿಗೆ ಬಣ್ಣ, ಕಣ್ಣಿಗೆ ಕಪ್ಪು ಹಚ್ಚಿ ಹಾಡುವುದು. ಬೋವಿ 1972ರಲ್ಲಿ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರವನ್ನೇ ಹುಟ್ಟುಹಾಕಿ, ಕೆಂಪು ಕೂದಲು ಬಿಟ್ಟು, ಆ ಪಾತ್ರವೇ ತಾನೆಂಬಂತೆ ಊರೂರು ಸುತ್ತಿದ. ಮರುವರ್ಷ ಜುಲೈ 3ರಂದು ಲಂಡನ್ನಿನ ವೇದಿಕೆಯ ಮೇಲೆ ಇದೇ ಕೊನೆಯ ಪ್ರದರ್ಶನ ಎಂದು ಸಾರಿ ಆ ಪಾತ್ರವನ್ನು ಕಳಚಿಟ್ಟ.

ಕಳಚಿಟ್ಟ ಮೇಲೆ ಏನು? ಆರ್ವೆಲ್‌ನ ಕಾದಂಬರಿಯನ್ನು ಸಂಗೀತ ನಾಟಕ ಮಾಡಬೇಕೆಂದು ಹೊರಟ. ಅದಕ್ಕೂ ಹಿನ್ನೆಲೆ ಇದೆ. 1973ರ ವಸಂತದಲ್ಲಿ ಜಪಾನಿನ ಪ್ರವಾಸ ಮುಗಿಸಿ ಊರಿಗೆ ಹೊರಟವನು ವಿಮಾನವೆಂದರೆ ಹೆದರಿಕೆಯಾದ್ದರಿಂದ ಹಡಗು ಹತ್ತಿ, ಸೈಬೀರಿಯಾ ದಾಟುವ ರೈಲು ಹಿಡಿದು, ಇಡೀ ಸೋವಿಯತ್ ದೇಶವನ್ನು ಅಡ್ಡಲಾಗಿ ಹಾದು ಮಾಸ್ಕೋದಲ್ಲಿ ಮೇ ದಿನದ ಮೆರವಣಿಗೆ ನೋಡಿದ. ಅತ್ತ ಸ್ವಂತ ದೇಶದಲ್ಲಿ ಗಣಿ ಕಾರ್ಮಿಕರ ಹೋರಾಟದಿಂದ ಕಲ್ಲಿದ್ದಲಿಗೆ ಬರ. 1974ರ ಜನವರಿಯಿಂದ ಮಾರ್ಚಿನವರೆಗೆ ಕಾರ್ಖಾನೆ ಕಚೇರಿಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು. ಟೆಲಿವಿಷನ್ನನ್ನು ರಾತ್ರಿ ಹತ್ತೂವರೆಗೆ ಮುಚ್ಚುತ್ತಿದ್ದರು. ನಮಗೆ ಲೋಡ್ ಶೆಡ್ಡಿಂಗ್ ಹೊಸದಲ್ಲ, ಮೇಣದಬತ್ತಿಯಲ್ಲಿ ಉತ್ತರಪತ್ರಿಕೆ ತಿದ್ದಿದವರು ನಾವು. ಆದರೆ ಸೂರ್ಯ ಮುಳುಗದ ಸಾಮ್ರಾಜ್ಯ ಕಟ್ಟಿದ್ದವರಿಗೆ ಅದು ಲೋಕವೇ ಮುಗಿದಂತೆ ಕಂಡಿರಬೇಕು. ಈ ಆಲ್ಬಮ್ಮಿನ ಕೆಲಸ ನಡೆದದ್ದು ಆ ಕತ್ತಲೆಯ ತಿಂಗಳುಗಳಲ್ಲೇ.

ನಾಟಕ ಮಾತ್ರ ಆಗಲಿಲ್ಲ. ಆರ್ವೆಲ್‌ನ ವಿಧವೆ ಸೋನಿಯಾ ಒಪ್ಪಿಗೆ ಕೊಡಲಿಲ್ಲ.

ಈ ಸೋನಿಯಾಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಬೋವಿಯ ಅಭಿಮಾನಿಗಳು ಆಕೆಯನ್ನು ಕಥೆಯ ಕಿರುಕುಳದ ಅತ್ತೆಯಂತೆ ಕಾಣುತ್ತಾರೆ, ಮಗಳೂ ಹಾಗೇ ಹೇಳಿದಳು. ಆರ್ವೆಲ್ ಕ್ಷಯದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ, 1949ರ ಅಕ್ಟೋಬರಿನಲ್ಲಿ, ಹಾಸಿಗೆಯ ಪಕ್ಕದಲ್ಲೇ ಮದುವೆಯಾದವಳು ಆಕೆ. ಮೂರು ತಿಂಗಳು ಕಳೆದ ಕೆಲವೇ ದಿನಗಳಲ್ಲಿ ಆತ ಹೋದ. ಆಮೇಲೆ ಮೂವತ್ತು ವರ್ಷ ಆ ಹೆಸರಿನ ಕಾವಲು ಆಕೆಯದು. ಚದುರಿಹೋಗಿದ್ದ ಲೇಖನ ಪತ್ರಗಳನ್ನು ಇನ್ನೊಬ್ಬರ ಜೊತೆ ಸೇರಿ ನಾಲ್ಕು ಸಂಪುಟ ಮಾಡಿ 1968ರಲ್ಲಿ ಹೊರತಂದಳು. ಅಂಥವಳ ಬಳಿ ಹುಬ್ಬು ಬೋಳಿಸಿಕೊಂಡ, ಜರಿ ಬಟ್ಟೆಯ ಹುಡುಗನೊಬ್ಬ ನಿನ್ನ ಗಂಡನ ಕಾದಂಬರಿಗೆ ಹಾಡು ಕಟ್ಟುತ್ತೇನೆ ಎಂದರೆ? ನಾನಾದರೂ ಬೇಡ ಎನ್ನುತ್ತಿದ್ದೆ. ಮೇಲಾಗಿ ಆಕೆ ಬೇಡವೆಂದದ್ದೇ ಈ ಹುಡುಗನಿಗೆ ಉಪಕಾರವಾಯಿತು. ಕಾದಂಬರಿಯ ಹಾದಿಯಲ್ಲೇ ಹೋಗಿದ್ದರೆ ಒಂದು ವಿಧೇಯ ನಾಟಕವಾಗುತ್ತಿತ್ತು. ಬಾಗಿಲು ಮುಚ್ಚಿದ್ದರಿಂದ ಮಾಡಿಟ್ಟುಕೊಂಡಿದ್ದ ಮೂರ್ನಾಲ್ಕು ಹಾಡುಗಳನ್ನು ಹೊತ್ತು ತನ್ನದೇ ಒಂದು ಊರು ಕಟ್ಟಬೇಕಾಯಿತು.

ಆ ಊರಿನ ಹೆಸರು 'ಹಂಗರ್ ಸಿಟಿ', ಹಸಿವಿನ ಪಟ್ಟಣ. ದೊಡ್ಡದೊಂದು ನಾಶವಾದ ಮೇಲೆ ಉಳಿದ ನಗರ. ಗಗನಚುಂಬಿ ಕಟ್ಟಡಗಳ ಮಾಡಿನ ಮೇಲೆ ದಿಕ್ಕಿಲ್ಲದ ಮಕ್ಕಳ ಗುಂಪುಗಳು ಬದುಕುತ್ತವೆ. ಕೆಳಗೆ ಅಂಗಡಿಗಳು ಸೂರೆಯಾಗುತ್ತವೆ. ಆ ಗುಂಪುಗಳೇ ವಜ್ರದ ನಾಯಿಗಳು. ಬೋವಿಯ ತಂದೆ ಅನಾಥ ಮಕ್ಕಳನ್ನು ಸಾಕುವ ಬರ್ನಾರ್ಡೊ ಸಂಸ್ಥೆಯಲ್ಲಿ ಕೆಲಸದಲ್ಲಿದ್ದವರು. ಹಿಂದಿನ ಶತಮಾನದಲ್ಲಿ ಲಂಡನ್ನಿನ ಮಾಡುಗಳ ಮೇಲೆ ರಾತ್ರಿ ಮಲಗುತ್ತಿದ್ದ ಅನಾಥ ಮಕ್ಕಳ ಕಥೆಯನ್ನು ಅವರು ಹೇಳುತ್ತಿದ್ದರು, ಅದು ತಲೆಯಲ್ಲಿ ಉಳಿದಿತ್ತು ಎಂದು ಆತನೇ ಹೇಳಿಕೊಂಡಿದ್ದಾನೆ. ಇದನ್ನು ತಿಳಿದ ಮೇಲೆ ಆ ಊಳಿಡುವಿಕೆ ನನಗೆ ಅನಿಷ್ಟವಾಗಿ ಕೇಳಲಿಲ್ಲ.

ರಕ್ಷಾಪುಟವನ್ನು ಮಗಳು ಫೋನಿನಲ್ಲಿ ತೋರಿಸಿದಳು. ಬೆಲ್ಜಿಯಮ್ಮಿನ ಗೀ ಪೀಲರ್ಟ್ ಬರೆದ ಚಿತ್ರ. ಸೊಂಟದ ಮೇಲೆ ಬಣ್ಣ ಬಳಿದ ಬೋವಿ, ಕೆಳಗೆ ನಾಯಿ. ಈ ಕಲಾವಿದನ ವಿಷಯ ಬೋವಿಗೆ ಹೇಳಿದವನು ಮಿಕ್ ಜ್ಯಾಗರ್. ತನ್ನ ತಂಡದ ಆಲ್ಬಮ್ಮಿಗೆ ಆತನಿಂದ ಚಿತ್ರ ಬರೆಸುತ್ತಿದ್ದವನು ಬಾಯಿ ತಪ್ಪಿ ಹೇಳಿದ, ಇವನು ಹೋಗಿ ತನ್ನದನ್ನು ಮೊದಲೇ ಬರೆಸಿ ಮಾರುಕಟ್ಟೆಗೆ ತಂದುಬಿಟ್ಟ. ಮದುವೆಗೆಂದು ತಂದ ಸೀರೆಯನ್ನು ಓರಗಿತ್ತಿಗೆ ಮುಂಚೆ ತೋರಿಸಬಾರದು ಎಂದು ನಮ್ಮತ್ತೆ ಹೇಳುತ್ತಿದ್ದುದು ಇದಕ್ಕೇ. ನಾಯಿಯ ಗಂಡು ಅಂಗ ಕಾಣುವಂತೆ ಬರೆದಿದ್ದನ್ನು ಕಂಪೆನಿಯವರು ಬಣ್ಣ ಹಚ್ಚಿ ಮರೆಸಿದರು. ಒಳಗೆ ಇಡೀ ನಗರ ಕೊಳೆಯುತ್ತಿರುವುದಕ್ಕೆ ಅವರದೇನೂ ತಕರಾರು ಇರಲಿಲ್ಲ.

ಈಗ ಹಾಡುಗಳು. ಮೊದಲ ಹಾಡಿನ ಆರಂಭದಲ್ಲಿ ದೊಡ್ಡ ಜನಸ್ತೋಮದ ಕೇಕೆ ಚಪ್ಪಾಳೆ ಕೇಳುತ್ತದೆ. ಅದು ಈತನಿಗೆ ಹೊಡೆದ ಚಪ್ಪಾಳೆಯಲ್ಲ. ಫೇಸಸ್ ಎಂಬ ಬೇರೊಂದು ತಂಡದ ಕಛೇರಿಯ ರೆಕಾರ್ಡಿನಿಂದ ತಂದು ಅಂಟಿಸಿದ್ದು. ಲಾರಿಯಲ್ಲಿ ಜನ ತಂದು ಇಳಿಸುವ ಚುನಾವಣಾ ಸಭೆಗಳನ್ನು ಕಂಡ ನನಗೆ ಇದು ತಕ್ಷಣ ಅರ್ಥವಾಯಿತು. ಗಿಟಾರನ್ನು ಹೆಚ್ಚುಪಾಲು ಆತನೇ ನುಡಿಸಿದ್ದಾನೆ. ಹಿಂದಿನ ಆಲ್ಬಮ್ಮುಗಳಲ್ಲಿ ಜೊತೆಗಿದ್ದ ಪಳಗಿದ ಗಿಟಾರ್ ವಾದಕ ಮಿಕ್ ರಾನ್ಸನ್ ಈಗಿಲ್ಲ. ಅಡುಗೆಯವಳು ಬಿಟ್ಟುಹೋದ ಮನೆಯಲ್ಲಿ ಯಜಮಾನನೇ ಒಗ್ಗರಣೆ ಹಾಕಿದ ಹಾಗೆ, ಸ್ವಲ್ಪ ಸೀದಿದೆ, ಸಾಸಿವೆ ಎಲ್ಲೆಲ್ಲೋ ಸಿಡಿದಿದೆ. ಆದರೆ ಆ ಹಾಳು ನಗರಕ್ಕೆ ನಯವಾದ ಗಿಟಾರು ಒಪ್ಪುತ್ತಲೂ ಇರಲಿಲ್ಲ.

ಆಮೇಲೆ 'ಸ್ವೀಟ್ ಥಿಂಗ್', 'ಕ್ಯಾಂಡಿಡೇಟ್', ಮತ್ತೆ 'ಸ್ವೀಟ್ ಥಿಂಗ್' ಎಂದು ಮೂರು ತುಂಡುಗಳು ಒಂದಕ್ಕೊಂದು ಹೊಲಿದುಕೊಂಡು ಒಂಬತ್ತು ನಿಮಿಷದ ಹತ್ತಿರ ಬರುತ್ತವೆ. ಬಾವಿಯ ತಳದಿಂದ ಬಂದಂತೆ ಮಂದ್ರದಲ್ಲಿ ಶುರುವಾಗುವ ದನಿ ಹೆಂಗಸಿನ ಎತ್ತರಕ್ಕೆ ಏರುತ್ತದೆ. ಮೈಕ್ ಗಾರ್ಸನ್‌ನ ಪಿಯಾನೊ ಮಳೆ ನೀರಿನಂತೆ ಸುತ್ತ ಹರಿಯುತ್ತದೆ. ಅರ್ಥ ಕೇಳಿದರೆ ನಾನು ಸಾಲುಸಾಲಾಗಿ ಹೇಳಲಾರೆ. ಅಮೆರಿಕದ ಲೇಖಕ ವಿಲಿಯಂ ಬರೋಸ್‌ನಿಂದ ಕಲಿತ ವಿಧಾನದಲ್ಲಿ ಬರೆದ ಕಾಗದವನ್ನು ಕತ್ತರಿಸಿ, ಚೂರುಗಳನ್ನು ಬೆರೆಸಿ ಪದ ಕಟ್ಟುತ್ತಿದ್ದನಂತೆ. ಹತ್ತನೇ ತರಗತಿಯವರು ಹಾಗೆ ಬರೆದರೆ ನಾನು ಸೊನ್ನೆ ಕೊಡುತ್ತೇನೆ. ಆದರೆ ಇಲ್ಲಿ ಆ ಹರಕುತನವೇ ರಾತ್ರಿಯ ಬೀದಿಯಾಗಿದೆ. ಮೈ ಮಾರುವವರೂ ಮತ ಕೇಳುವವರೂ ಒಂದೇ ಬೀದಿಯಲ್ಲಿ ಒಂದೇ ದನಿಯಲ್ಲಿ ಕರೆಯುತ್ತಾರೆ. ಯಾರು ಯಾರೆಂದು ಗೊತ್ತಾಗುವುದಿಲ್ಲ. ಇಂಗ್ಲೆಂಡಿನವರು ಅದೇ ವರ್ಷ ಎರಡು ಸಲ ಮತ ಹಾಕಿದರು, ಫೆಬ್ರವರಿಯಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ.

ಆರನೆಯದು 'ರೆಬೆಲ್ ರೆಬೆಲ್'. ಎಲ್ಲರಿಗೂ ಪ್ರಿಯವಾದ ಹಾಡಂತೆ. ಮಗಳು ಕಾಲು ಕುಣಿಸಿದಳು. ಒಂದೇ ಗಿಟಾರಿನ ಎಳೆ, ಕುಂಟಾಬಿಲ್ಲೆ ಆಡುವ ಹುಡುಗಿಯ ಹಾಗೆ, ಮೊದಲಿಂದ ಕೊನೆವರೆಗೆ ಬಿಡದೆ ಕುಪ್ಪಳಿಸುತ್ತದೆ. ಹರಿದ ಬಟ್ಟೆ, ಮುಖಕ್ಕೆಲ್ಲ ಮೆತ್ತಿಕೊಂಡ ಬಣ್ಣ. ಈ ಮಗು ಗಂಡೋ ಹೆಣ್ಣೋ ಎಂದು ಹೆತ್ತವ್ವನಿಗೇ ಅನುಮಾನ. ಹಾಡುವವನಿಗೆ ಮಾತ್ರ ಅನುಮಾನವಿಲ್ಲ, ಬರೀ ಪ್ರೀತಿ.

ನಾನು ಕಿವಿಯಿಂದ ಅದನ್ನು ತೆಗೆದು ಒಳಗೆ ಹೋದೆ. ಮಗಳಿಗೆ ಕಾರಣ ಹೇಳಲು ಎರಡು ದಿನ ಬೇಕಾಯಿತು.

ನಾನು ಕೆಲಸಕ್ಕೆ ಸೇರಿದ ಹೊಸತು. ಬೇರೆ ಊರು. ಶಾಲಾ ವಾರ್ಷಿಕೋತ್ಸವಕ್ಕೆ ಹರಿಶ್ಚಂದ್ರ ನಾಟಕ. ನಾನೇ ಆಡಿಸಿದ್ದು. ಹುಡುಗಿಯರನ್ನು ರಾತ್ರಿ ನಾಟಕಕ್ಕೆ ಮನೆಯವರು ಕಳಿಸುವುದಿಲ್ಲವೆಂದು ಒಂಬತ್ತನೇ ತರಗತಿಯ ಒಬ್ಬ ಹುಡುಗನನ್ನು ಚಂದ್ರಮತಿ ಮಾಡಿದ್ದೆವು. ಉಡಿಸಿದ್ದು ನನ್ನದೇ ಸೀರೆ. ಮಗನ ಹೆಣದ ಮುಂದೆ ಅವನು ಅತ್ತ ರೀತಿಗೆ ಊರಿನ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡಿದ್ದರು. ಮಾರನೆಯ ದಿನ ಅವನು ಉಗುರುಬಣ್ಣ ತೆಗೆಯದೆ, ಕಣ್ಣಿಗೆ ಕಾಡಿಗೆಯ ಎಳೆಯನ್ನು ಹಾಗೇ ಬಿಟ್ಟುಕೊಂಡು ತರಗತಿಗೆ ಬಂದ. ತೆಗೆಯಲು ಮರೆತಿದ್ದನೆಂದು ನಾನು ಆಮೇಲೆ ಎಲ್ಲರಿಗೂ ಹೇಳಿದೆ. ಮರೆತಿರಲಿಲ್ಲ. ಕೂತಾಗ ಅವನು ಕೈಯನ್ನು ಡೆಸ್ಕಿನ ಮೇಲೆ ಹರವಿ ನೋಡಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೆ. "ನಲ್ಲಿ ಹತ್ತಿರ ಕಲ್ಲಿದೆ, ಉಜ್ಜಿಕೊಂಡು ಬಾ" ಎಂದೆ. ಹುಡುಗರು ನಕ್ಕರು, ನಾನು ತಡೆಯಲಿಲ್ಲ. ನಾನೂ ನಕ್ಕೆನೇನೋ. ಬಹಳ ಹೊತ್ತಿನ ಮೇಲೆ ಬಂದ. ಉಗುರಿನ ಬುಡದಲ್ಲಿ ಇನ್ನೂ ಕೆಂಪಿತ್ತು. ಅದು ಬಣ್ಣವೋ ರಕ್ತವೋ ಎಂದು ನಾನು ನೋಡಲು ಹೋಗಲಿಲ್ಲ. "ಹೋಯ್ತು ಮಿಸ್" ಎಂದು ಕೂತ. ಮುಂದಿನ ವರ್ಷ ನಾಟಕಕ್ಕೆ ಕರೆದರೆ ತಲೆ ಅಲ್ಲಾಡಿಸಿದ. ಆಮೇಲೆ ನನಗೆ ವರ್ಗವಾಯಿತು.

ಶಿಸ್ತಿನ ಬಗ್ಗೆ ಮುಖ್ಯೋಪಾಧ್ಯಾಯರ ಸುತ್ತೋಲೆ ಇತ್ತು ಎಂದು ಇಷ್ಟು ವರ್ಷ ಸಮಾಧಾನ ಹೇಳಿಕೊಂಡಿದ್ದೆ. ಸುತ್ತೋಲೆ ಇದ್ದದ್ದು ಸಮವಸ್ತ್ರದ ಬಗ್ಗೆ. ಕಲ್ಲು ನನ್ನ ಸ್ವಂತದ್ದು.

ಎರಡನೇ ಮಗ್ಗುಲು ಶುರುವಾಗುವುದು 'ರಾಕ್ ಎನ್ ರೋಲ್ ವಿತ್ ಮಿ' ಎಂಬ ಹಾಡಿನಿಂದ. ಇದು ನನಗೆ ಹಿಡಿಸಲಿಲ್ಲ. ಹಾಡುಗಾರನಿಗೂ ಅಭಿಮಾನಿಗಳಿಗೂ ಇರುವ ಒಲುಮೆ, ಕಣ್ಣೀರು, ಇತ್ಯಾದಿ. ಹಸಿವಿನ ಪಟ್ಟಣದಲ್ಲಿ ಇದಕ್ಕೇನು ಕೆಲಸ? ಹ್ಯಾಲೋವೀನ್ ಜ್ಯಾಕ್ ಎಂಬ ನಾಯಕನೊಬ್ಬ ಶೀರ್ಷಿಕೆಯ ಹಾಡಿನಲ್ಲಿ ಬಂದವನು ಆಮೇಲೆ ಹೇಳದೆ ಕೇಳದೆ ಹೊರಟುಹೋಗಿದ್ದಾನೆ. ಒಟ್ಟು ಕಥೆಯೆಂದು ನೋಡಿದರೆ ಇದು ಸೋತ ಕಥೆಯೇ ಸರಿ. ಎರಡು ಸೀರೆಗಳನ್ನು ಕತ್ತರಿಸಿ ಒಂದು ಕೌದಿ ಹೊಲಿದಿದ್ದಾನೆ, ಅಂಚು ಕೂಡಿಲ್ಲ.

ಆದರೆ ಮುಂದಿನ ಮೂರು ಹಾಡುಗಳಿಗಾಗಿ ಇದೆಲ್ಲ ಮಾಫಿ. 'ವಿ ಆರ್ ದ ಡೆಡ್' ಎಂಬುದು ಕಾದಂಬರಿಯಿಂದಲೇ ತೆಗೆದ ಮಾತು. ವಿನ್‌ಸ್ಟನ್ ಮತ್ತು ಜೂಲಿಯಾ ಕದ್ದು ಸೇರುವ ಬಾಡಿಗೆ ಕೋಣೆಯಲ್ಲಿ ಆಡುವ ಮಾತು, ಗೋಡೆಯ ಹಿಂದೆ ಅಡಗಿದ್ದ ಯಂತ್ರ ತಿರುಗಿ ಅವರಿಗೇ ಹೇಳುವ ಮಾತು. ಬೋವಿ ಇದನ್ನು ಪಿಸುದನಿಗಿಂತ ಸ್ವಲ್ಪ ಮೇಲೆ ಹಾಡುತ್ತಾನೆ. ಪಕ್ಕದ ಕೋಣೆಯಲ್ಲಿ ಮಾವ ಮಲಗಿರುವ ಮನೆಯಲ್ಲಿ ಗಂಡ ಹೆಂಡತಿ ಮಾತಾಡಿಕೊಳ್ಳುವ ಮಟ್ಟದಲ್ಲಿ. ಓದುವ ಹೆಂಗಸರಿಗೆ ಅದು ಎಷ್ಟು ಮಟ್ಟ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ '1984' ಎಂಬ ಹಾಡು. ಆರ್ವೆಲ್‌ನ ಪುಸ್ತಕದಲ್ಲಿ ಎಲ್ಲವೂ ಬೂದು ಬಣ್ಣ, ಬೇಯಿಸಿದ ಎಲೆಕೋಸಿನ ವಾಸನೆ. ಇಲ್ಲಿ ಅದನ್ನು ಟೋನಿ ವಿಸ್ಕಾಂಟಿಯ ಪಿಟೀಲುಗಳು, ಅಮೆರಿಕದ ಕಪ್ಪು ಜನರ ನೃತ್ಯ ಸಂಗೀತದ ಲಯ ಎಲ್ಲ ಸೇರಿ ಕುಣಿಯುವಂತೆ ಮಾಡಿವೆ. ಮೊದಲು ನನಗೆ ಇದು ಅಪಚಾರ ಎನಿಸಿತು. ಆಮೇಲೆ ಹೊಳೆಯಿತು, ಭಯ ಯಾವಾಗಲೂ ಬೂದು ಬಟ್ಟೆಯಲ್ಲೇ ಬರುತ್ತದೆಂದು ಯಾರು ಹೇಳಿದರು?

'ಬಿಗ್ ಬ್ರದರ್' ಇಡೀ ಆಲ್ಬಮ್ಮಿನ ಹೃದಯ. ನಮ್ಮನ್ನು ಆಳುವ, ದಾರಿ ತೋರುವ ಒಬ್ಬ ದೊಡ್ಡಣ್ಣ ಬೇಕು ಎಂದು ಬೇಡುವ ಹಾಡು. ವ್ಯಂಗ್ಯವಾಗಿ ಹಾಡಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅವನು ಭಜನೆಯ ಹಾಗೆ ಹಾಡಿದ್ದಾನೆ. ಎಂಥ ಸೊಗಸಾದ ಮಟ್ಟೆಂದರೆ ಮೂರನೇ ಸಲ ಕೇಳುವಾಗ ಪಾತ್ರೆ ತೊಳೆಯುತ್ತ ನಾನೂ ಗುನುಗುತ್ತಿದ್ದೆ. ಆರ್ವೆಲ್‌ನ ನಾಯಕ ದೊಡ್ಡಣ್ಣನನ್ನು ಪ್ರೀತಿಸುವುದು ಹೊಡೆತ ತಿಂದು, ಇಲಿಯ ಬೋನಿಗೆ ಮುಖವೊಡ್ಡಿ, ಒಳಗೆಲ್ಲ ಮುರಿದ ಮೇಲೆ. ಬೋವಿಯ ನಗರದಲ್ಲಿ ಹೊಡೆಯುವವರು ಬೇಕಿಲ್ಲ. ಜನರೇ ಹುಡುಕಿಕೊಂಡು ಹೋಗುತ್ತಾರೆ. ದಣಿದಿದ್ದಾರೆ, ದಿಕ್ಕಿಲ್ಲ, ಯಾರಾದರೂ ಸಾಲು ನಿಲ್ಲಿಸಿದರೆ ಸಾಕು. ಈ ವಿಷಯದಲ್ಲಿ ಕಾದಂಬರಿಗಿಂತ ಹಾಡು ನನ್ನನ್ನು ಹೆಚ್ಚು ಹೆದರಿಸಿತು. ಬೆಳಗಿನ ಪ್ರಾರ್ಥನೆಯಲ್ಲಿ ನಾನೂರು ಮಕ್ಕಳು ಒಟ್ಟಿಗೆ ಕಾಲು ಕೂಡಿಸಿದಾಗ ಆಗುವ ಆ ಒಂದು ಸದ್ದು ನನಗೆ ಇಷ್ಟ. ಕೊಡುವವಳಾಗಿಯೂ ಇಷ್ಟ, ಪಾಲಿಸುವವಳಾಗಿಯೂ ಇಷ್ಟ. ಮುಖ್ಯೋಪಾಧ್ಯಾಯರು ಗಟ್ಟಿ ಮನುಷ್ಯರಾಗಿದ್ದ ವರ್ಷಗಳನ್ನೇ ನಾನು ಒಳ್ಳೆಯ ವರ್ಷಗಳೆಂದು ಎಣಿಸುತ್ತಿದ್ದೆ.

ಹಾಡಿದವನಾದರೂ ತಪ್ಪಿಸಿಕೊಂಡನೇ ಎಂದರೆ ಅದೂ ಇಲ್ಲ. ಮುಂದಿನ ಎರಡು ವರ್ಷ ಕೊಕೇನು ಅವನನ್ನು ತಿಂದುಹಾಕಿತು. 1976ರಲ್ಲಿ ಪತ್ರಿಕೆಗಳ ಮುಂದೆ ಬ್ರಿಟನ್ನಿಗೆ ಒಬ್ಬ ಫ್ಯಾಸಿಸ್ಟ್ ನಾಯಕ ಬಂದರೆ ಒಳ್ಳೆಯದೆಂಬ ಅರ್ಥದ ಮಾತುಗಳನ್ನಾಡಿದ. ದೊಡ್ಡಣ್ಣನ ಬಗ್ಗೆ ಎಚ್ಚರಿಸಿದವನೇ ದೊಡ್ಡಣ್ಣನನ್ನು ಕರೆದ. ಎಚ್ಚರಿಕೆಯ ಹಾಡು ಅಷ್ಟು ಇಂಪಾಗಿದ್ದದ್ದು ಏಕೆಂದು ಆಗ ಅರ್ಥವಾಗುತ್ತದೆ. ಅವನು ಹೊರಗೆ ನಿಂತು ಬರೆದಿರಲಿಲ್ಲ. ಆಮೇಲೆ ಬರ್ಲಿನ್ನಿಗೆ ಹೋಗಿ, ಚಟದಿಂದ ಹೊರಬಂದು, ಆ ಮಾತುಗಳಿಗೆ ಪಶ್ಚಾತ್ತಾಪಪಟ್ಟ. 1983ರಲ್ಲಿ ಅಮೆರಿಕದ ಸಂಗೀತ ವಾಹಿನಿ ಎಂಟಿವಿಯ ಸಂದರ್ಶನದಲ್ಲಿ ಕೂತು, ನೀವು ಕಪ್ಪು ಕಲಾವಿದರನ್ನು ಏಕೆ ತೋರಿಸುವುದಿಲ್ಲ ಎಂದು ತಿರುಗಿ ಕೇಳಿದವನೂ ಅವನೇ. ಅಭಿಮಾನಿಗಳು ಇದನ್ನು ಮಾತ್ರ ಹೇಳುತ್ತಾರೆ, ದೂರುವವರು ಅದನ್ನು ಮಾತ್ರ. ನನಗೆ ಎರಡೂ ಬೇಕು.

ಮಗಳಿಗೆ ಆ ಹುಡುಗನ ಕಥೆ ಹೇಳಿದಾಗ ಅವಳು ಬೈಯಲಿಲ್ಲ. "ಅವರು ಈಗ ಎಲ್ಲಿದಾರೆ?" ಎಂದಳು. ಅವನಿಗೆ ಈಗ ನಲವತ್ತು ದಾಟಿರಬೇಕು, ಬಹುವಚನ ಸರಿಯೇ. ಗೊತ್ತಿಲ್ಲವೆಂದೆ. "ಹುಡುಕಬಹುದಲ್ಲ?" ಎಂದಳು. ಹುಡುಕಿ ಏನು ಹೇಳುವುದು ಎಂಬುದನ್ನು ಇನ್ನೂ ಯೋಚಿಸುತ್ತಿದ್ದೇನೆ.

ಕೇಳಬೇಕೆನ್ನುವವರಿಗೆ ಒಂದು ಮಾತು. ಮೊದಲಿಂದ ಶುರು ಮಾಡಿದರೆ ನಾಯಿಯ ಊಳಿಗೆ ಮನೆಯವರೆಲ್ಲ ಎದ್ದು ಬರುತ್ತಾರೆ. 'ವಿ ಆರ್ ದ ಡೆಡ್'ನಿಂದ ಹಿಡಿದು ಕೊನೆಯವರೆಗೆ ಕೇಳಿ, ಆಮೇಲೆ ಹಿಂದಕ್ಕೆ ಹೋಗಿ. ಇಡಿಯಾಗಿ ಕೇಳಿದರೂ ಮೂವತ್ತೆಂಟು ನಿಮಿಷ. ಒಂದು ಕುಕ್ಕರ್ ಅನ್ನ, ಒಂದು ಸಾರು ಆಗುವಷ್ಟು ಹೊತ್ತು. 'ಬಿಗ್ ಬ್ರದರ್' ಮುಗಿದೊಡನೆ ಅದಕ್ಕೆ ಅಂಟಿಕೊಂಡೇ ಒಂದು ಪಠಣ ಬರುತ್ತದೆ, ಸುತ್ತು ಸುತ್ತು ಅದೇ ಪದಗಳು. ಕಟ್ಟಕಡೆಗೆ ಅಣ್ಣ ಎಂಬ ಪದದ ಮೊದಲ ಅಕ್ಷರ ಮಾತ್ರ, ಮುಳ್ಳು ಸಿಕ್ಕಿಕೊಂಡ ಹಳೆಯ ಗ್ರಾಮಫೋನಿನ ಹಾಗೆ, ಬಡಿಯುತ್ತಲೇ ಇರುತ್ತದೆ. ಯಂತ್ರ ಕೆಟ್ಟಿತೆಂದು ನಾನು ಮೊದಲ ಸಲ ಫೋನನ್ನು ಎರಡು ತಟ್ಟು ತಟ್ಟಿದ್ದೆ.